ಹಾಫ್ ಟನ್ ಪಿಕಪ್‌ಗೆ ಎರಡು ಕುದುರೆಯ ಟ್ರೇಲರ್: ಎಳೆಯೋ ಸಾಮರ್ಥ್ಯ ಇದ್ದರೆ ಸಾಕಾ?

ಸವಾರ_ಆಸ್ಟಿನ್:
ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿ ಒಂದು ಹಳೇ ಬಂಪರ್ ಪುಲ್ (ಟ್ರಕ್ಕಿನ ಹಿಂದಿನ ಕೊಂಡಿಗೆ ಕಟ್ಟುವ) ಟ್ರೇಲರ್ ನೋಡಿದ್ದೇವೆ. ಎರಡು ಕುದುರೆಯ ಸ್ಟ್ರೈಟ್ ಲೋಡ್ (ಕುದುರೆಗಳು ಅಕ್ಕಪಕ್ಕ, ಮುಂದಕ್ಕೆ ಮುಖ ಮಾಡಿ ನಿಲ್ಲುವಂಥದ್ದು), ಸ್ಟೀಲಿನದು, ಖಾಲಿ ತೂಕ 3,200 ಪೌಂಡ್, ಎರಡು ಆಕ್ಸಲ್, ಎಲೆಕ್ಟ್ರಿಕ್ ಬ್ರೇಕ್. ಕುದುರೆಗಳು 1,150 ಮತ್ತು 1,050 ಪೌಂಡ್. ನಮ್ಮದು ಹಾಫ್ ಟನ್ (ದೊಡ್ಡ ಪಿಕಪ್‌ಗಳಲ್ಲಿ ಹಗುರ ದರ್ಜೆ), ನಾಲ್ಕು ಬಾಗಿಲಿನ ಕ್ರೂ ಕ್ಯಾಬ್ ಪಿಕಪ್. 9,000 ಪೌಂಡ್‌ಗಿಂತ ಹೆಚ್ಚು ಎಳೆಯುತ್ತದೆ ಅಂತ ಬ್ರೋಷರ್ ಹೇಳುತ್ತೆ, ಬಾಗಿಲ ಸ್ಟಿಕ್ಕರ್‌ನಲ್ಲಿ ಪೇಲೋಡ್ (ಜನ, ಸಾಮಾನು ಸೇರಿ ಗಾಡಿ ಹೊರಬಹುದಾದ ತೂಕ) 1,480 ಪೌಂಡ್ ಅಂತಿದೆ. ಮನೆಯವರು ನಾಲ್ಕು ಜನ, ಹೋಗಬೇಕಾದ್ದು ಒಕ್ಲಹೋಮಾಕ್ಕೆ. ಈ ಗಾಡಿ ಸಾಕಾ? ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಹಿಂದೆ ಬೀಳುವ ಭಾರವನ್ನು ಮುಂದಿನ ಆಕ್ಸಲ್‌ಗೂ ಹಂಚುವ ಕೊಂಡಿ) ಬೇಕೇ ಬೇಕಾ? ಒಂದೇ ಕುದುರೆ ಒಯ್ಯುವಾಗ ಯಾವ ಕಡೆ ನಿಲ್ಲಿಸಬೇಕು?

ಹಿಚ್_ಮೇಷ್ಟ್ರು:
ಬ್ರೋಷರ್ ಪಕ್ಕಕ್ಕಿಡಿ, ಸ್ಟಿಕ್ಕರ್ ಹಿಡಿದು ಲೆಕ್ಕ ಹಾಕಿ. ಟ್ರೇಲರ್ 3,200, ಕುದುರೆಗಳು 2,200, ಜೀನು, ಹುಲ್ಲು, ನೀರು ಸೇರಿ 300 ಅಂದುಕೊಳ್ಳಿ. ಒಟ್ಟು 5,700 ಪೌಂಡ್. ಎಳೆಯೋಕೆ ಎಂಜಿನ್‌ಗೆ ಇದೇನೂ ಕಷ್ಟವಲ್ಲ. ಆದರೆ ಬಂಪರ್ ಪುಲ್‌ನಲ್ಲಿ ಟ್ರೇಲರ್ ತೂಕದ ಶೇ. 10ರಿಂದ 15 ಭಾಗ ಹಿಚ್ ಮೇಲೆ ಕೂರಬೇಕು, ಅದೇ ಟಂಗ್ ವೇಟ್. ಶೇ. 12 ಹಿಡಿದರೆ 684 ಪೌಂಡ್. ಹಿಚ್ಚಿನ ಸಾಮಾನು 80, ನಾಲ್ಕು ಜನ 620, ಟ್ರಕ್ಕಿನ ಬೆಡ್‌ನಲ್ಲಿ 150 ಇಟ್ಟರೆ 1,534. ನಿಮ್ಮ ಪೇಲೋಡ್ ಅಲ್ಲಿಗೇ ಮುಗಿದು 54 ಪೌಂಡ್ ಮೇಲೆ ಹೋಯಿತು! ಇಬ್ಬರು ಬೇರೆ ಕಾರಿನಲ್ಲಿ ಬಂದರೆ ಆರಾಮ. ಲೆಕ್ಕ ಸರಿಯೋ ಇಲ್ಲವೋ ಅಂತ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್‌ನಲ್ಲಿ (ಲಾರಿ ತೂಗುವ ತಕ್ಕಡಿ) ಲೋಡ್ ಸಮೇತ ತೂಗಿಸಿ ನೋಡಿ. ಅದು ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್‌ಗಳ ತೂಕ ಬೇರೆಬೇರೆಯಾಗಿ ಕೊಡುತ್ತದೆ.

ಹಿಚ್ ರಿಸೀವರ್ (ಟ್ರಕ್ಕಿನ ಹಿಂದೆ ಹಿಚ್ ತೂರಿಸುವ ಚೌಕ ಕೊಳವೆ) ಮೇಲೂ ಒಂದು ಲೇಬಲ್ ಇರುತ್ತದೆ. ಎಷ್ಟೋ ಹಾಫ್ ಟನ್ ಟ್ರಕ್ಕುಗಳಲ್ಲಿ ವೇಟ್ ಡಿಸ್ಟ್ರಿಬ್ಯೂಷನ್ ಇಲ್ಲದೆ 5,000 ಪೌಂಡ್ ಟ್ರೇಲರ್, 500 ಪೌಂಡ್ ಟಂಗ್ ವೇಟ್‌ಗೆ ಮಿತಿ. ನಿಮ್ಮದರಲ್ಲೂ ಹಾಗೇ ಬರೆದಿದ್ದರೆ ಆ ಹಿಚ್ ಬೇಕೇ ಬೇಕು. ಟ್ರೇಲರ್ ಮಾಡಿದ ಕಂಪನಿ ಅದನ್ನು ಒಪ್ಪುತ್ತದಾ ಅಂತಲೂ ವಿಚಾರಿಸಿ.

ಟ್ರಕ್ ಕಡೆಯ ಗುಂಡು ಬಾಲ್, ಅದರ ಮೇಲೆ ಕೂರುವ ಟ್ರೇಲರ್ ಕಡೆಯ ಹಿಡಿಕೆ ಕಪ್ಲರ್. ಬಾಲ್ ಅಳತೆ ಕಪ್ಲರ್ ಮೇಲೆ ಅಚ್ಚಾಗಿರುತ್ತದೆ. 2-5/16 ಇಂಚಿನ ಕಪ್ಲರ್‌ಗೆ 2 ಇಂಚಿನ ಬಾಲ್ ಹಾಕಿದರೂ ಲಾಕ್ ಬಿದ್ದ ಹಾಗೇ ಕಾಣುತ್ತದೆ, ಮೊದಲ ದೊಡ್ಡ ಗುಂಡಿಯಲ್ಲಿ ಕಳಚಿಕೊಳ್ಳುತ್ತದೆ. ಲಾಕ್ ಹಾಕಿ ಪಿನ್ ತೂರಿಸಿದ ಮೇಲೆ ಟಂಗ್ ಜ್ಯಾಕ್ (ಟ್ರೇಲರ್ ಮುಂತುದಿಯ ಜ್ಯಾಕ್) ತಿರುಗಿಸಿ ಎತ್ತಿ ನೋಡಿ. ಟ್ರಕ್ಕಿನ ಹಿಂಭಾಗವೂ ಜೊತೆಗೆ ಎದ್ದರೆ ಸರಿಯಾಗಿ ಕೂತಿದೆ ಅಂತ ಅರ್ಥ.

ಲೋನ್‌ಸ್ಟಾರ್_ಗೌಡ:
ಅಷ್ಟೆಲ್ಲ ಯಾಕೆ ಸರ್? ಹಿಂದಿನ ಸ್ಪ್ರಿಂಗ್‌ಗೆ ಏರ್ ಬ್ಯಾಗ್ (ಗಾಳಿ ತುಂಬಿ ಗಾಡಿ ಎತ್ತುವ ಚೀಲ) ಹಾಕಿಸಿದರೆ ಗಾಡಿ ಮಟ್ಟಸವಾಗಿ ನಿಲ್ಲುತ್ತಲ್ಲ.

ಹಿಚ್_ಮೇಷ್ಟ್ರು:
ಗೌಡ್ರೇ, ನೋಡೋಕೆ ಮಟ್ಟಸ ಅಷ್ಟೇ. ಹಿಂದೆ ಭಾರ ಬಿದ್ದಾಗ ಮುಂದಿನ ಆಕ್ಸಲ್ ಹಗುರಾಗಿ ಸ್ಟಿಯರಿಂಗ್ ಹಿಡಿತ, ಬ್ರೇಕ್ ಹಿಡಿತ ಎರಡೂ ಕಮ್ಮಿಯಾಗುತ್ತೆ. ಆ ಭಾರವನ್ನು ಏರ್ ಬ್ಯಾಗ್ ಮುಂದಕ್ಕೆ ಕಳಿಸಲ್ಲ, ವೇಟ್ ಡಿಸ್ಟ್ರಿಬ್ಯೂಷನ್ ಬಾರ್‌ಗಳು ಕಳಿಸುತ್ತವೆ. ಏರ್ ಬ್ಯಾಗ್ ಹಾಕಿಸಿದ ಮಾತ್ರಕ್ಕೆ ಪೇಲೋಡ್ ಸ್ಟಿಕ್ಕರ್ ಸಂಖ್ಯೆಯೂ ಏರಲ್ಲ.

ಲಾಯದ_ಕೆಲಸ:
ಹಳೇ ಟ್ರೇಲರ್ ಅಂದಿರಲ್ಲ, ದುಡ್ಡು ಕೊಡೋ ಮುಂಚೆ ರಬ್ಬರ್ ಮ್ಯಾಟ್ ಪೂರ್ತಿ ಎತ್ತಿಸಿ. ಮ್ಯಾಟ್ ಎತ್ತೋಕೆ ಮಾರುವವರು ಹಿಂದೇಟು ಹಾಕಿದರೆ ವಾಪಸ್ ಬನ್ನಿ. ಮರದ ಹಲಗೆಯಾದರೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ, ಮೆತ್ತಗೆ ಒಳಗೆ ಹೋದರೆ ಕುದುರೆ ಮೂತ್ರಕ್ಕೆ ಹಲಗೆ ಕೊಳೆತಿದೆ. ಕೆಳಗೆ ತೂರಿ ಅಡ್ಡ ತೊಲೆಗಳ ತುಕ್ಕನ್ನೂ ನೋಡಿ. ಓಡುವಾಗ ನೆಲ ಕುಸಿದರೆ ಕುದುರೆ ಕಾಲು ರಸ್ತೆಗೆ ತಾಗುತ್ತದೆ.

ಟೈರಿನ ಗೆರೆ ಇನ್ನೂ ಆಳವಾಗಿದೆ ಅಂತ ನಂಬಬೇಡಿ, ಟ್ರೇಲರ್ ಟೈರು ಸವೆಯೋ ಮುಂಚೆ ಹಳತಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಡಾಟ್ (DOT) ಕೋಡಿನ ಕೊನೇ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಅಂದರೆ 2019ರ 23ನೇ ವಾರ. ಐದಾರು ವರ್ಷ ದಾಟಿದ್ದರೆ ಸ್ಪೇರ್ ಸಮೇತ ಬದಲಿಸಿ. ಎಸ್‌ಟಿ (ಟ್ರೇಲರ್‌ಗೆಂದೇ ಮಾಡಿದ್ದು) ಅಂತ ಬರೆದಿರೋ ಟೈರನ್ನೇ ಹಾಕಿಸಿ. ಗಾಳಿಯನ್ನು ಟೈರು ತಣ್ಣಗಿರುವಾಗ ಸೈಡ್‌ವಾಲ್‌ನಲ್ಲಿ ಬರೆದಷ್ಟು ತುಂಬಿ, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಡಿ ಆದರೆ ಸಾಮಾನ್ಯವಾಗಿ 65 ಪಿಎಸ್‌ಐ. ಚಕ್ರ ಬಿಚ್ಚಿ ಹಾಕಿಸಿದ್ದರೆ 50 ಮೈಲಿ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿ ಮಾಡಿ. ಬೇರಿಂಗ್‌ಗೆ ವರ್ಷಕ್ಕೊಮ್ಮೆ ಗ್ರೀಸ್.

ಬ್ರೇಕ್‌ಅವೇ (ಟ್ರೇಲರ್ ಕಳಚಿದರೆ ತಾನೇ ಅದರ ಬ್ರೇಕ್ ಹಾಕುವ ವ್ಯವಸ್ಥೆ) ಪರೀಕ್ಷೆ: ಟ್ರಕ್ಕಿನಿಂದ ಟ್ರೇಲರ್‌ಗೆ ಕರೆಂಟ್ ಕೊಡುವ 7 ಪಿನ್ ಪ್ಲಗ್ ಕಿತ್ತು, ಕೇಬಲ್ ತುದಿಯ ಬ್ರೇಕ್‌ಅವೇ ಪಿನ್ ಎಳೆದು, ಟ್ರಕ್ ನಿಧಾನ ಮುಂದೆ ಬಿಡಿ. ಟ್ರೇಲರ್ ಚಕ್ರ ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ಮೊದಲು ಅದರ 12 ವೋಲ್ಟ್ ಬ್ಯಾಟರಿ ನೋಡಿ. ಪರೀಕ್ಷೆ ಮುಗಿದ ಕೂಡಲೇ ಪಿನ್ ವಾಪಸ್ ಹಾಕಿ, ಇಲ್ಲದಿದ್ದರೆ ಬ್ಯಾಟರಿ ಬರಿದಾಗುತ್ತೆ. ಆ ಕೇಬಲ್ ಅನ್ನು ಸೇಫ್ಟಿ ಚೈನಿಗೋ ಬಾಲ್ ಮೌಂಟಿಗೋ (ಬಾಲ್ ಕೂರಿಸಿರುವ ಕಂಬಿ) ಸಿಕ್ಕಿಸುವವರಿದ್ದಾರೆ. ಬಾಲ್ ಮೌಂಟೇ ಕಳಚಿ ಹೋದರೆ ಕೇಬಲ್ಲೂ ಅದರ ಜೊತೆ ಹೋಗುತ್ತೆ, ಬ್ರೇಕ್ ಬೀಳಲ್ಲ. ಟ್ರಕ್ಕಿಗೇ ಸಿಕ್ಕಿಸಿ. ಚೈನುಗಳು ಕಪ್ಲರ್ ಕೆಳಗೆ ಕತ್ತರಿಯಾಗಿ ದಾಟಲಿ, ಟ್ರೇಲರ್ ಮೂತಿ ಬಿದ್ದರೆ ರಸ್ತೆಗೆ ಬಡಿಯದೆ ಅವುಗಳ ಮೇಲೇ ಕೂರುತ್ತದೆ.

ಕುದುರೆಗೆಲ್ಲ:
ಒಂದೇ ಕುದುರೆಯಾದರೆ ಎಡಗಡೆ, ಅಂದರೆ ಡ್ರೈವರ್ ಹಿಂದೆ. ಎರಡಾದರೂ 1,150 ಪೌಂಡಿನದು ಎಡಕ್ಕೇ. ಅಮೆರಿಕದಲ್ಲಿ ಬಲಗಡೆ ಓಡಿಸುತ್ತೇವೆ, ರಸ್ತೆ ಬಲ ಅಂಚಿಗೆ ಇಳಿಜಾರು. ಭಾರ ಬಲಕ್ಕಿದ್ದರೆ ಟ್ರೇಲರ್ ಅತ್ತಲೇ ವಾಲುತ್ತದೆ.

ಟ್ರಕ್ಕಿಗೆ ಕಟ್ಟಿರದ ಟ್ರೇಲರ್‌ಗೆ ಕುದುರೆ ಹತ್ತಿಸಲೇಬಾರದು, ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ. ಹತ್ತಿಸಿದ ಮೇಲೆ ಮೊದಲು ಬಟ್ ಬಾರ್ (ಕುದುರೆಯ ಹಿಂದೆ ಅಡ್ಡ ಹಾಕುವ ಸರಳು), ಆಮೇಲೆ ತಲೆಯ ಹಗ್ಗ. ಇಳಿಸುವಾಗ ತಿರುಗುಮುರುಗು: ಮೊದಲು ಹಗ್ಗ ಬಿಚ್ಚಿ, ಕೊನೆಗೆ ಬಾರ್. ತಲೆ ಕಟ್ಟಿರುವಾಗ ಹಿಂದೆ ಖಾಲಿ ಸಿಕ್ಕರೆ ಕುದುರೆ ಹಿಂದಕ್ಕೆ ಸರಿಯುತ್ತದೆ, ಹಗ್ಗ ಜಗ್ಗುತ್ತದೆ, ಹೆದರಿ ಮುಂಗಾಲೆತ್ತಿ ತಲೆಯನ್ನು ಚಾವಣಿಗೆ ಬಡಿದುಕೊಳ್ಳುತ್ತದೆ. ದಿಢೀರ್ ಬಿಚ್ಚುವ ಗಂಟೇ ಹಾಕಿ.

ಕಿಟಕಿ, ವೆಂಟ್ ತೆರೆದಿರಲಿ, ತಲೆ ಹೊರಗೆ ಬರಬಾರದು. ಮೂರ್ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ, ಹಗ್ಗ ಸಡಿಲಿಸಿ ತಲೆ ಕೆಳಗಿಳಿಸಲು ಬಿಡಿ. ತಲೆ ಎತ್ತಿ ಕಟ್ಟಿದ ಹಾಗೇ ಗಂಟೆಗಟ್ಟಲೆ ನಿಂತರೆ ಶ್ವಾಸನಾಳದ ಕಫ, ಧೂಳು ಇಳಿಯದೆ ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ. ಶಿಪ್ಪಿಂಗ್ ಫೀವರ್ ಅನ್ನೋದು ಇದನ್ನೇ.

ಟೈರು ಪಂಕ್ಚರ್ ಆದರೆ ಹೆದ್ದಾರಿ ಪಕ್ಕ ಕುದುರೆ ಇಳಿಸಬೇಡಿ. ಒಳ್ಳೇ ಚಕ್ರವನ್ನು ಹತ್ತಿಸುವ ರ‍್ಯಾಂಪ್ ಸಿಗುತ್ತದೆ. ಜೋಡಿ ಆಕ್ಸಲ್ ಆದ್ದರಿಂದ ಪಕ್ಕದ ಕೆಟ್ಟ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ, ಕುದುರೆ ಒಳಗಿದ್ದಂತೆಯೇ ಬದಲಿಸಬಹುದು. ಕುದುರೆ ಒಳಗೆ ಬಿದ್ದರೆ ಮಾತ್ರ ನೀವು ಒಳಗೆ ಹೋಗಬೇಡಿ, ವೆಟ್‌ಗೆ (ಪಶುವೈದ್ಯರಿಗೆ) ಫೋನ್ ಮಾಡಿ.

ಕಾಗದಪತ್ರ: ರಾಜ್ಯ ದಾಟುವಾಗ ಸಾಮಾನ್ಯವಾಗಿ 12 ತಿಂಗಳೊಳಗಿನ ಕಾಗಿನ್ಸ್ ವರದಿ (ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ರೋಗದ ರಕ್ತಪರೀಕ್ಷೆ), 30 ದಿನದೊಳಗಿನ ಹೆಲ್ತ್ ಸರ್ಟಿಫಿಕೇಟ್ ಕೇಳುತ್ತಾರೆ. ಹೊರಡುವ ಮುಂಚೆ ನಿಮ್ಮ ವೆಟ್ ಹತ್ತಿರ ಖಚಿತಪಡಿಸಿಕೊಳ್ಳಿ.

ಸವಾರ_ಆಸ್ಟಿನ್:
ತುಂಬಾ ಉಪಕಾರವಾಯಿತು. ಇಬ್ಬರು ಕಾರಿನಲ್ಲೇ ಬರುತ್ತಾರೆ. ಇನ್ನೊಂದೇ ಪ್ರಶ್ನೆ: ಬ್ರೇಕ್ ಕಂಟ್ರೋಲರ್ (ಟ್ರಕ್ಕಿನೊಳಗಿಂದ ಟ್ರೇಲರ್ ಬ್ರೇಕ್ ನಡೆಸುವ ಸಾಧನ) ಗೇನ್, ಅಂದರೆ ಬ್ರೇಕಿನ ಬಲ, ಎಷ್ಟಿಡಬೇಕು? ಟ್ರೇಲರ್ ಓಲಾಡೋಕೆ ಶುರು ಮಾಡಿದರೆ?

ಹಿಚ್_ಮೇಷ್ಟ್ರು:
ಎಲ್ಲ ಗಾಡಿಗೂ ಒಂದೇ ಸಂಖ್ಯೆ ಅಂತ ಇಲ್ಲ. ಮೊದಲು ಕುದುರೆ ಇಲ್ಲದೆ, ಒಣಗಿದ ಸಮತಟ್ಟು ರಸ್ತೆಯಲ್ಲಿ 20-25 ಮೈಲಿ ವೇಗದಲ್ಲಿ ಕಂಟ್ರೋಲರ್‌ನ ಕೈ ಲಿವರ್ ಒತ್ತಿ ನೋಡಿ. ಚಕ್ರ ಲಾಕ್ ಆಗುವವರೆಗೆ ಗೇನ್ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ. ಕುದುರೆ ಹತ್ತಿಸಿದ ಮೇಲೆ ಅದು ಕಮ್ಮಿ ಅನ್ನಿಸುತ್ತೆ, ಆಗ ಒಂದೊಂದೇ ಮೆಟ್ಟಿಲು ಏರಿಸಿ; ಜರ್ಕ್ ಹೊಡೆಯುವಷ್ಟು ಬೇಡ, ಒಳಗಿರೋದು ನಾಲ್ಕು ಕಾಲಿನ ಮೇಲೆ ನಿಂತಿರೋ ಜೀವ. ಟೋ/ಹಾಲ್ ಮೋಡ್ (ಭಾರ ಎಳೆಯುವಾಗಿನ ಗೇರ್ ಸೆಟ್ಟಿಂಗ್) ಹಾಕಿಡಿ, ಇಳಿಜಾರಿನಲ್ಲಿ ಗೇರ್ ಇಳಿಸಿ.

ಓಲಾಡಿದರೆ ಟ್ರಕ್ ಬ್ರೇಕ್ ತುಳಿಯಬೇಡಿ, ಸ್ಟಿಯರಿಂಗ್ ತಿರುಗಿಸಿ ಸರಿಮಾಡೋಕೂ ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ಕೈ ಲಿವರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಒತ್ತಿ. ಗಾಡಿ ನಿಂತ ಮೇಲೆ ಮೊದಲು ಟಂಗ್ ವೇಟ್ ಅನುಮಾನಿಸಿ: ಶೇ. 10ಕ್ಕಿಂತ ಕಮ್ಮಿಯಾದರೆ ಹಿಂಗೇ ಆಗೋದು. ಹುಲ್ಲು, ನೀರಿನ ಕ್ಯಾನುಗಳನ್ನು ಟ್ರೇಲರ್‌ನ ಮುಂಭಾಗಕ್ಕೆ ಸರಿಸಿ ಮತ್ತೆ ತೂಗಿಸಿ.