‘ಪಿಕ್ಟ್ಸ್’ ಎಂದರೆ ‘ಬಣ್ಣ ಹಚ್ಚಿದವರು’ ಎನ್ನಬಹುದೇ? ‘ಸಿಂಬಲ್ ಸ್ಟೋನ್’ ವೀರಗಲ್ಲೇ?

ಪ್ರಶ್ನೆ: ಕ್ರಿ.ಶ. 685ರ ಸ್ಕಾಟ್ಲೆಂಡಿನಲ್ಲಿ ನಡೆಯುವ ಐತಿಹಾಸಿಕ ಕಾದಂಬರಿಯೊಂದನ್ನು ಕನ್ನಡಕ್ಕೆ ತರುವಾಗ ‘ಪಿಕ್ಟ್ಸ್’ (ಆಗ ಅಲ್ಲಿನ ಉತ್ತರ, ಪೂರ್ವ ಭಾಗಗಳಲ್ಲಿದ್ದ ಜನ) ಎಂಬುದನ್ನು ‘ಬಣ್ಣ ಹಚ್ಚಿದವರು’ ಎಂದು ಬಿಡಿಸಿ ಬರೆಯಬಹುದೇ? ಅವರು ಗುರುತುಗಳನ್ನು ಕೆತ್ತಿದ ಸಿಂಬಲ್ ಸ್ಟೋನ್‌ಗಳಿಗೆ ‘ವೀರಗಲ್ಲು’ ಒಪ್ಪುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನನ್ನ ಮಟ್ಟಿಗೆ ಎರಡೂ ಬೇಡ.

ಕನ್ನಡದಲ್ಲಿ ಬಣ್ಣ ಹಚ್ಚುವುದೆಂದರೆ ಮೊದಲು ಹೊಳೆಯುವುದು ನಟನೆ. ‘ಬಣ್ಣ ಹಚ್ಚಿದವರು ಗುಡ್ಡ ಇಳಿದು ಬಂದರು’ ಎಂದರೆ ಓದುಗರ ಕಣ್ಣ ಮುಂದೆ ನಾಟಕದ ಮೇಳ ನಿಲ್ಲುತ್ತದೆ. ‘ಬಣ್ಣದವರು’ ಎಂದರೆ ಚರ್ಮದ ಬಣ್ಣದ ಮಾತಾಗುತ್ತದೆ.

ಅದಕ್ಕಿಂತ ಮುಖ್ಯವಾದ ಕಾರಣ, ಆ ಹೆಸರು ಯಾರದು ಎಂಬುದು. ‘ಪಿಕ್ಟಿ’ ಮೊದಲು ಕಾಣುವುದು 297ರ ಒಂದು ಲ್ಯಾಟಿನ್ ಸ್ತುತಿಭಾಷಣದಲ್ಲಿ, ರೋಮಿನ ಶತ್ರುಗಳ ಹೆಸರಾಗಿ. ರೋಮನ್ ಕಿವಿಗೆ ಅದರಲ್ಲಿ ‘ಚಿತ್ರಿತರು’ ಎಂಬ ಅರ್ಥ ಕೇಳುತ್ತಿತ್ತು. 685ರ ಹೊತ್ತಿಗೆ ನಾರ್ತಂಬ್ರಿಯದ (ಪಿಕ್ಟರ ತೆಂಕಣದ ಇಂಗ್ಲಿಷ್ ರಾಜ್ಯ) ಸೈನಿಕನ ಬಾಯಲ್ಲಿ ಅದು ಬರೀ ಹೆಸರು. ಹಾಗಾಗಿ ಅವನ ಮಾತಿನಲ್ಲಿ ‘ಪಿಕ್ಟರು’ ಎಂದೇ ಇಡಿ, ರೋಮನ್ನರು, ಗ್ರೀಕರು ಇದ್ದ ಹಾಗೆ. ‘ಪಿಕ್ಟ್‌ಗಳು’ ಬೇಡ, ಮನುಷ್ಯರಿಗೆ ‘ಗಳು’ ಹಚ್ಚಿದರೆ ಕಿವಿಗೆ ಚುಚ್ಚುತ್ತದೆ. ಗೇಲಿಕ್ ಸನ್ಯಾಸಿ ಮಾತಾಡುವಾಗ ‘ಕ್ರುಥ್ನಿ’ ಬರಲಿ, ಐರಿಷರು ಅವರನ್ನು ಕರೆಯುತ್ತಿದ್ದ ಹೆಸರು ಅದು. ಆ ಜನರೇ ತಮ್ಮನ್ನು ಕುರಿತು ಆಡುವಾಗ ಇವೆರಡೂ ಬೇಡ, ನಾಡಿನ ಹೆಸರು ಹಿಡಿಯಿರಿ: ‘ನಾವು ಫೋರ್ಟ್ರಿಯುವಿನವರು.’ ಆ ವರ್ಷ ಮೇ 20ರಂದು ಡುನ್ ನೆಖ್ತನ್ ಕಾಳಗದಲ್ಲಿ ನಾರ್ತಂಬ್ರಿಯದ ದೊರೆ ಎಗ್‌ಫ್ರಿತ್‌ನನ್ನು ಸೋಲಿಸಿ ಕೊಂದ ಬ್ರಿಡೈಯನ್ನು ಐರಿಷ್ ವಾರ್ಷಿಕಗಳು (ವರ್ಷವಾರು ಘಟನೆ ಬರೆದಿಟ್ಟ ಹಳೆಯ ದಾಖಲೆಗಳು) ಫೋರ್ಟ್ರಿಯುವಿನ ಅರಸನೆಂದೇ ಬರೆಯುತ್ತವೆ.

‘ಸ್ಕಾಟ್ಲೆಂಡ್’ ಬೆನ್ನುಡಿಯಲ್ಲಿ ಇರಲಿ, ಸಂಭಾಷಣೆಗೆ ಬೇಡ. ಆಗ ‘ಸ್ಕಾಟಿ’ ಎಂದರೆ ಗೇಲಿಕ್ ಆಡುವವರು, ಪಡುವಣದ ದಾಲ್ ರಿಯಾಟದವರು ಕೂಡ ಅದರಲ್ಲೇ ಸೇರಿದವರು. ಪಿಕ್ಟರನ್ನು ಆ ಹೆಸರಿನಿಂದ ಕರೆದರೆ ನೆರೆಯವರ ಹೆಸರು ಇವರಿಗೆ ಅಂಟಿಸಿದಂತೆ.

ಮೈಮೇಲಿನ ಚಿತ್ರ ಬಂದಲ್ಲಿ ‘ಹಚ್ಚೆ’ ಹತ್ತಿರದ ಪದ. ಕ್ರಿ.ಶ. 400ರ ಸುಮಾರಿನ ಕವಿ ಕ್ಲಾಡಿಯನ್, ಸಾಯುತ್ತಿರುವ ಪಿಕ್ಟನ ಮೈಮೇಲೆ ಕಬ್ಬಿಣದಿಂದ ಗುರುತಿಸಿದ ಆಕೃತಿಗಳ ಮಾತೆತ್ತುತ್ತಾನೆ. ಮೈಗೆ ನೀಲಿ ಬಳಿದುಕೊಳ್ಳುವ ಮಾತು ಸೀಸರನದು. ಅದು ಕ್ರಿ.ಪೂ. 1ನೇ ಶತಮಾನದ ಬ್ರಿಟನ್ನರ ಬಗ್ಗೆ, ನಿಮ್ಮ ಕಥೆಗಿಂತ ಏಳುನೂರು ವರ್ಷ ಹಿಂದಿನದು.

ಇನ್ನು ಕಲ್ಲು. ವೀರಗಲ್ಲು ಎನ್ನುವ ಆಸೆ ಏಕೆ ಹುಟ್ಟುತ್ತದೆಂದು ಬಲ್ಲೆ. ಸ್ಕಾಟ್ಲೆಂಡಿನ ಅಬರ್ಲೆಮ್ನೋ ಊರಿನ ಚರ್ಚಿನ ಅಂಗಳದ ಕಲ್ಲನ್ನೇ ನೋಡಿ. ಒಂದು ಮುಖದಲ್ಲಿ ಶಿಲುಬೆ, ಇನ್ನೊಂದರಲ್ಲಿ ಮೂರು ಸಾಲಿನ ಕಾಳಗ, ನಮ್ಮ ಮೂರು ಪಟ್ಟಿಕೆಗಳ ಹಾಗೆ. ಆದರೆ ನಮ್ಮ ಕಲ್ಲಿನಲ್ಲಿ ವೀರ ಕೆಳಗೆ ಹೋರಾಡಿ, ನಡುವೆ ಅಪ್ಸರೆಯರ ಜೊತೆ ಮೇಲೇರಿ, ತುದಿಯಲ್ಲಿ ಲಿಂಗದ ಮುಂದೆ ಕೂರುತ್ತಾನೆ. ಅಲ್ಲಿ ಕೆಳಗಿನ ಬಲ ಮೂಲೆಯಲ್ಲಿ ಯೋಧನೊಬ್ಬ ಬಿದ್ದಿದ್ದಾನೆ, ಹಕ್ಕಿಯೊಂದು ಅವನ ಮುಖ ಕುಕ್ಕುತ್ತಿದೆ. ಅವನನ್ನು ಮೇಲಕ್ಕೆ ಒಯ್ಯುವವರು ಯಾರೂ ಇಲ್ಲ. ಸತ್ತವನಿಗೆ ಸ್ವರ್ಗ ಕೊಡುವ ಪದವನ್ನು ಈ ಕಲ್ಲಿಗೆ ಇಟ್ಟರೆ ಅರ್ಥವೇ ತಿರುಗಿ ನಿಲ್ಲುತ್ತದೆ.

ಮೇಲಾಗಿ ಹಳೆಯ ಬಗೆಯ ಕಲ್ಲುಗಳಲ್ಲಿ ಕಾಳಗವೂ ಇಲ್ಲ, ಶಿಲುಬೆಯೂ ಇಲ್ಲ. ಕೆತ್ತಿ ಹದಗೊಳಿಸದ ಒರಟು ಬಂಡೆ, ಅದರ ಮೇಲೆ ಕೊರೆದ ಗೆರೆ: ಅರ್ಧಚಂದ್ರದ ಮೇಲೆ ಮುರಿದ ಬಾಣದಂಥ ಗುರುತು, ಜೋಡಿ ಬಿಲ್ಲೆ, ಕನ್ನಡಿ, ಬಾಚಣಿಗೆ. ಎರಡೂ ಬಗೆಗೆ ಒಪ್ಪುವಂತೆ ‘ಕುರುಹುಗಲ್ಲು’ ಎನ್ನಿ. ‘ಕುರುಹುಗಲ್ಲಿಗೆ ಒರಗಿ ನಿಂತ’, ‘ಕುರುಹುಗಲ್ಲಿನ ಹಿಂದೆ’ ಎಂದು ವಿಭಕ್ತಿಗಳೂ ಸಲೀಸಾಗಿ ಕೂರುತ್ತವೆ. ‘ಶಾಸನ’ ಮಾತ್ರ ಬೇಡ, ಆ ಕುರುಹುಗಳನ್ನು ಇನ್ನೂ ಯಾರೂ ಓದಿಲ್ಲ. ಕಲ್ಲಿನ ಮೇಲೆ ಓಘಂ (ಗೀರುಗಳಿಂದಲೇ ಅಕ್ಷರ ಬರೆಯುವ ಹಳೆಯ ಐರಿಷ್ ಲಿಪಿ) ಗೀರುಗಳಿದ್ದರೆ ಅವನ್ನಷ್ಟೇ ‘ಬರಹ’ ಎನ್ನಿ.