ಅಪ್‌ಡೇಟ್: ಬಯೋಸ್ಟಾಟಿಸ್ಟಿಕ್ಸ್ ಓದಲಾ ಅಂತ ಕೇಳಿದ್ದೆನಲ್ಲ

ಪಿಯುಸಿ ಮುಗಿದಾಗ ಇಲ್ಲಿ ಕೇಳಿದ್ದೆ: ಬೆಂಗಳೂರಲ್ಲೇ ಇದ್ದು ಡಿಗ್ರಿಗೆ ಬಯೋಸ್ಟಾಟಿಸ್ಟಿಕ್ಸ್ (ರೋಗ, ಔಷಧಿಗಳ ಡೇಟಾ ಲೆಕ್ಕ ಹಾಕಿ ಅರ್ಥ ಮಾಡಿಕೊಳ್ಳೋ ವಿಷಯ) ತಗೊಳ್ಳಬಹುದಾ ಅಂತ. ಜಾಸ್ತಿ ಜನ ಹೇಳಿದ್ದು ಒಂದೇ. ಮೊದಲು ಗಣಿತ, ಸ್ಟಾಟಿಸ್ಟಿಕ್ಸ್ ಗಟ್ಟಿ ಮಾಡಿಕೋ, ಬಯೋ ಎಂಎಸ್ಸಿಗೆ ಇರಲಿ. ಹಾಗೇ ಮಾಡಿದೆ. ಈಗ ಬಿಎಸ್ಸಿ ನಾಲ್ಕನೇ ಸೆಮಿಸ್ಟರ್.

ಮೊದಲ ವರ್ಷ ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ. ಪ್ರಾಬಬಿಲಿಟಿ, ಕ್ಯಾಲ್ಕುಲಸ್, ಮತ್ತೆ ಪ್ರಾಬಬಿಲಿಟಿ. ರೋಗಿ, ಔಷಧಿ ಅನ್ನೋ ಮಾತೇ ಇಲ್ಲ. ಅಮ್ಮ ನನ್ನ ಬಯಾಲಜಿ ನೋಟ್ಸ್ ರದ್ದಿಗೆ ಹಾಕಿಬಿಟ್ಟರು!

ಕಳೆದ ತಿಂಗಳು ಸುಮ್ನೆ ಕುತೂಹಲಕ್ಕೆ ಸ್ಟಾಟಿಸ್ಟಿಕ್ಸ್ ಲೆಕ್ಕ ಮಾಡೋ ‘ಆರ್’ ಸಾಫ್ಟ್‌ವೇರ್ ತೆರೆದೆ. ಅದು ಉಚಿತ. ಅದಕ್ಕೆ ಸಿಗುವ, ರೋಗಿಗಳು ಎಷ್ಟು ದಿನ ಬದುಕಿದರು ಅಂತ ಲೆಕ್ಕ ಹಾಕೋ ‘ಸರ್ವೈವಲ್’ ಪ್ಯಾಕೇಜಿನಲ್ಲಿ ಶ್ವಾಸಕೋಶ ಕ್ಯಾನ್ಸರ್‌ನ 228 ರೋಗಿಗಳ ಡೇಟಾ ಇದೆ. 165 ಜನ ತೀರಿಕೊಂಡಿದ್ದಾರೆ. ಉಳಿದ 63 ಜನ? ಕೊನೆಯ ಸಲ ವಿಚಾರಿಸಿದಾಗ ಬದುಕಿದ್ದರು, ಅಷ್ಟೇ ಗೊತ್ತು. ಅವರನ್ನು ಬಿಟ್ಟು ಲೆಕ್ಕ ಹಾಕಿದರೆ ಕಾಯಿಲೆ ಇರುವುದಕ್ಕಿಂತ ಭಯಂಕರವಾಗಿ ಕಾಣುತ್ತದೆ. 1958ರಲ್ಲಿ ಕಪ್ಲಾನ್, ಮೇಯರ್ ಅನ್ನೋ ಇಬ್ಬರು ಸ್ಟಾಟಿಸ್ಟಿಷಿಯನ್‌ಗಳು ತೋರಿಸಿದ ದಾರಿಯಲ್ಲಿ ಅವರನ್ನೂ ಸೇರಿಸಿದರೆ ಮೀಡಿಯನ್ 310 ದಿನ, ಅಂದರೆ ಸುಮಾರು ಅರ್ಧದಷ್ಟು ರೋಗಿಗಳು ಅಷ್ಟು ದಿನ ಬದುಕಿದ್ದರು ಅಂತ ಅಂದಾಜು. ಬದುಕಿರುವವರ ಪಾಲು ತೋರಿಸೋ ಗ್ರಾಫ್ ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಸಾವಿನ ಗುರುತು. ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚೋಕೆ ಮನಸ್ಸಾಗಲಿಲ್ಲ.

ಮಾಮ ಇನ್ನೂ ‘ಬಿಇ ಸೇರಬೇಕಿತ್ತು’ ಅಂತಾರೆ. ಅದು ಬಿಡಿ. ನಾನು ನಿಮ್ಹಾನ್ಸ್‌ನ ಎಂಎಸ್ಸಿ ಬಯೋಸ್ಟಾಟಿಸ್ಟಿಕ್ಸ್ ಮೇಲೆ ಕಣ್ಣಿಟ್ಟಿದ್ದೇನೆ. ಲೀನಿಯರ್ ಆಲ್ಜೀಬ್ರಾ ಬಿಡಬೇಡ ಅಂತ ಬೈದವರಿಗೆ ಥ್ಯಾಂಕ್ಸ್, ರಿಗ್ರೆಷನ್ (ಒಂದು ಅಳತೆಗೂ ಇನ್ನೊಂದಕ್ಕೂ ಇರುವ ಸಂಬಂಧ ಲೆಕ್ಕ ಹಾಕೋದು) ಪೇಪರ್‌ನಲ್ಲಿ ಅದೇ ಕೈ ಹಿಡಿಯಿತು.