ಕೆಲಸದಿಂದ ಬರುವ ಕಾಯಿಲೆಗಳ ತರಬೇತಿ: ನೀವು ಹೇಗೆ ಮಾಡಿದಿರಿ?

ಪ್ರಶ್ನೆ (ಆರೋಗ್ಯ ಕೇಂದ್ರದ ವೈದ್ಯೆ, ರಾಮನಗರದ ಕಡೆ): ನಮ್ಮ ಶುಶ್ರೂಷಾಧಿಕಾರಿಗಳು ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ಕೆಲಸದಿಂದ ಬರುವ ಕಾಯಿಲೆಗಳ ಬಗ್ಗೆ ಎರಡು ದಿನದ ತರಬೇತಿ ಕೊಡಬೇಕಾಗಿದೆ. ನಮ್ಮಲ್ಲಿಗೆ ರೇಷ್ಮೆ ನೂಲು ಬಿಚ್ಚುವವರೇ ಹೆಚ್ಚಾಗಿ ಬರುತ್ತಾರೆ. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಕಾರ್ಖಾನೆ ವೈದ್ಯ: ಡಾಕ್ಟರೇ, ಮೊದಲು ನಿಮ್ಮ ಹೊರರೋಗಿಗಳ ರಿಜಿಸ್ಟರನ್ನೇ ಅವರ ಮುಂದೆ ಇಡಿ. ಉದ್ಯೋಗದ ಕಲಂನಲ್ಲಿ ಸಾಲುಸಾಲಾಗಿ ‘ಕೂಲಿ’, ‘ಗೃಹಿಣಿ’ ಎಂದೇ ಇರುತ್ತದೆ. ಆ ಗೃಹಿಣಿಯರಲ್ಲಿ ಎಷ್ಟು ಜನ ಬೆಳಗಾದರೆ ರೇಷ್ಮೆಗೂಡು ಬೇಯುವ ಬಿಸಿನೀರಿನ ಬೇಸಿನ್ ಮುಂದೆ ಕೂರುತ್ತಾರೋ! ರೋಗಿಯ ಕಸುಬು ಏನೆಂದು ಕೇಳಿ ಎಂದು ಇಟಲಿಯ ವೈದ್ಯ ರಮಾಜ್ಜಿನಿ 1700ರಲ್ಲೇ ಹೇಳಿದ್ದರು. ನಾವು ಇನ್ನೂ ವಯಸ್ಸು, ಊರು ಕೇಳಿ ಮುಗಿಸುತ್ತೇವೆ.

ಕೇಳುವ ಬಗೆಯನ್ನೂ ಕಲಿಸಬೇಕು. ‘ಕೆಲಸ ಮಾಡುವಾಗ ಉಬ್ಬಸ ಬರುತ್ತದೆಯೇ?’ ಎಂದರೆ ‘ಇಲ್ಲ’ ಎನ್ನುತ್ತಾರೆ. ಸುಳ್ಳಲ್ಲ. ಕೆಲಸದಿಂದ ಬರುವ ಆಸ್ತಮಾ ಎಷ್ಟೋ ಸಲ ಮನೆ ಸೇರಿದ ಮೇಲೆ, ರಾತ್ರಿ ಹೊತ್ತಿನಲ್ಲಿ ಕಾಡುತ್ತದೆ. ‘ರಜೆಯಲ್ಲಿ, ನೆಂಟರ ಊರಿಗೆ ಹೋದಾಗ ಕಡಿಮೆಯಾಗುತ್ತದೆಯೇ?’ ಎಂದು ಕೇಳಬೇಕು. ಒಬ್ಬರನ್ನು ರೋಗಿಯಾಗಿ ಕೂರಿಸಿ, ಬಾಯಿಗೆ ಬರುವವರೆಗೆ ಅಭ್ಯಾಸ ಮಾಡಿಸಿ.

ಆಸ್ಪತ್ರೆಯೊಂದರ ಶುಶ್ರೂಷಾಧಿಕಾರಿ: ಉಸಿರನ್ನು ಎಷ್ಟು ವೇಗವಾಗಿ ಊದಬಲ್ಲರು ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಅಗ್ಗ, ಕೆಲವನ್ನಾದರೂ ತರಿಸಿಕೊಳ್ಳಿ. ಪ್ರತಿ ಸಲ ಮೂರು ಬಾರಿ ಊದಿಸಿ, ಅತಿ ಹೆಚ್ಚು ಬಂದದ್ದನ್ನು ಬರೆಯಬೇಕು. ಇದು ದಿನಕ್ಕೆ ನಾಲ್ಕು ಸಲವಾದರೂ ಆಗಬೇಕು, ಎರಡು ಮೂರು ವಾರ ನಡೆಯಬೇಕು, ರಜೆಯ ದಿನವೂ ತಪ್ಪಬಾರದು. ಕಲಿಯುವವರೂ ಊದಲಿ. ಕೊಳವೆಯ ಸುತ್ತ ತುಟಿ ಬಿಗಿಯಾಗದೆ ಗಾಳಿ ಪಕ್ಕದಿಂದ ಸೋರುವುದು ಅವರಿಗೇ ತಿಳಿಯುತ್ತದೆ.

ಕಾರ್ಮಿಕ ಕಾನೂನು ಬಲ್ಲವರು: ಒಂದು ಗಂಟೆ ಕಾನೂನಿಗೂ ಇಡಿ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸಿಲಿಕೋಸಿಸ್ (ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ), ಸದ್ದಿನಿಂದಾಗುವ ಕಿವುಡು ಸೇರಿ 29 ಕಾಯಿಲೆಗಳಿದ್ದವು. ಕಾರ್ಖಾನೆ ಕಾರ್ಮಿಕರಲ್ಲಿ ಇವನ್ನು ಕಂಡ ವೈದ್ಯರು ವರದಿ ಮಾಡಲೇಬೇಕು ಎನ್ನುತ್ತಿತ್ತು 89ನೇ ಸೆಕ್ಷನ್. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಈ ಹೊಣೆ ಇದೆ. ಮನೆಯಲ್ಲೇ ನಡೆಯುವ ಚಿಕ್ಕ ಘಟಕಗಳು ಇದರೊಳಗೆ ಬರುವುದು ಅಪರೂಪ.

ನಿವೃತ್ತ ಕಾರ್ಖಾನೆ ವೈದ್ಯ: ಮರೆತಿದ್ದೆ. ಎರಡನೇ ದಿನ ಬೆಳಿಗ್ಗೆ ಎಲ್ಲರನ್ನೂ ನೂಲು ಬಿಚ್ಚುವ ಘಟಕಕ್ಕೆ ಕರೆದುಕೊಂಡು ಹೋಗಿ. ಹಬೆ, ಬೆಂದ ಹುಳುವಿನ ವಾಸನೆ, ನೀರಿನಲ್ಲಿ ನೆಂದು ಸುಕ್ಕಾಗಿ ಬಿರಿದ ಬೆರಳು, ಯಾವ ಸ್ಲೈಡಿನಲ್ಲೂ ಸಿಗುವುದಿಲ್ಲ. ನೂಲು ಬಿಚ್ಚುವ ರೀಲರ್‌ಗಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ತಪಾಸಣೆಗೆ ಬಂದವರೆಂದು ಬಾಗಿಲು ಹಾಕಿಕೊಳ್ಳುತ್ತಾರೆ.